ಬ್ರಶ್ಶಿನ ತುಂಬ ಪೇಸ್ಟು ಯಾಕ?

ನನ್ನ ದೊಡ್ಡ ಮಗಳನ್ನು ನೋಡಾಕ ಬೀಗರು ಬಂದಾಗ ಆಕಿ ಸೆರಗು ಬಾಯಿಗೆ ಅಡ್ಡ ಹಿಡಿದೇ ಮಾತಾಡಿದಳು. ಬಂದವರು ನಾಚಿಕೆ ಅಂತ ತಿಳಿದರು. ಮುಂದಿನ ಹಲ್ಲಿನ ಮ್ಯಾಲಿನ ಕಂದು ಗೆರೆ ಮುಚ್ಚಾಕ ಅಂತ ನಮಗಷ್ಟೇ ಗೊತ್ತು. ಸಣ್ಣಾಕಿದ್ದಾಗ "ನೆಟ್ಟಗ ಹಲ್ಲು ತಿಕ್ಕೂದಿಲ್ಲ" ಅಂತ ಆಕಿಗೇ ಬೈದಿದ್ದೆ. ತಪ್ಪು ತಿಕ್ಕೂದರಾಗ ಇರಲಿಲ್ಲ, ನಾನು ಹೊಡೆಸಿದ ಬೋರಿನ ನೀರಿನಾಗ ಇತ್ತು.

ನಮ್ಮ ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಮುದ್ದೇಬಿಹಾಳ ಕಡೆ ಸೇದು ಬಾವಿ ಬತ್ತಿದ ಮ್ಯಾಲೆ ಎಲ್ಲರೂ ಬೋರಿಗೆ ಬಿದ್ದೆವು. ಆಳದ ನೀರು ಬಹಳ ಕಾಲ ಕಲ್ಲಿನ ಸಂದಿಯೊಳಗ ನಿಂತು, ಕಲ್ಲಿನಾಗಿನ ಫ್ಲೋರೈಡನ್ನು ಕರಗಿಸಿಕೊಂಡು ಬರತೈತಿ. ಕುಡಿಯುವ ನೀರಿನಾಗ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೀತೈತಿ ಅನ್ನೋದು ಸರ್ಕಾರಿ ಲೆಕ್ಕ. ಕುದಿಸಿದರೆ ಫ್ಲೋರೈಡ್ ಹೋಗೂದಿಲ್ಲ. ನೀರು ಆರಿ, ಉಳಿದದ್ದರಾಗ ಇನ್ನೂ ದಟ್ಟ ಆಗತೈತಿ.

ಈಗ ಮಗಳ ಮಗನಿಗೆ ಮೂರು ವರ್ಷ. ಟಿವಿಯಾಗ ತೋರಿಸಿದಂಗ ಬ್ರಶ್ಶಿನ ಈ ತುದಿಯಿಂದ ಆ ತುದಿ ತನಕ ಪೇಸ್ಟು ಹಚ್ಚಿಕೊಂಡು ಅರ್ಧ ನುಂಗತಾನ. ಸಿಹಿ, ಹಣ್ಣಿನ ವಾಸನಿ, ನುಂಗದೇ ಏನು ಮಾಡತೈತಿ ಕೂಸು! ಪೇಸ್ಟಿನ ಡಬ್ಬಿ ಮ್ಯಾಲೆ ಸಣ್ಣ ಅಕ್ಷರದಾಗ 1000 ಪಿಪಿಎಂ ಅಂತ ಬರೆದಿರತಾರ. ಅಂದರೆ ಒಂದು ಗ್ರಾಂ ಪೇಸ್ಟಿನಾಗ 1 ಮಿಲಿಗ್ರಾಂ ಫ್ಲೋರೈಡ್. ಬ್ರಶ್ಶಿನ ತುಂಬ ಹಚ್ಚಿದರೆ ಹೆಚ್ಚುಕಡಿಮೆ ಒಂದು ಗ್ರಾಂ. ಅಷ್ಟೂ ನುಂಗಿದರೆ, ಮಿತಿಗೆ ಮುಟ್ಟಿದ ಬೋರಿನ ನೀರು ಇನ್ನೊಂದು ಲೀಟರ್ ಕುಡಿದ ಲೆಕ್ಕ. ಎರಡು ಹೊತ್ತು ತಿಕ್ಕಿದರೆ ಎರಡು ಲೀಟರ್!

"ಹಾಲಹಲ್ಲು ಹೆಂಗೂ ಬೀಳತಾವ, ಬಿಡ್ರಿ" ಅನ್ನೋರು ಇದ್ದಾರ. ಜೋಳ ಬಿತ್ತುವವರಿಗೆ ನಾನು ಹೇಳೂದಿಷ್ಟು: ಸುಳಿ ನೊಣ ಮೊಳಕಿಯೊಳಗ ಕೆಲಸ ಮಾಡತೈತಿ, ನಮಗ ಗೊತ್ತಾಗೂದು ಸುಳಿ ಒಣಗಿದ ಮ್ಯಾಲೆ. ಹಂಗ, ಮುಂದ ಬರೋ ಖಾಯಂ ಹಲ್ಲು ವಸಡಿನೊಳಗ ತಯಾರಾಗೂದು ಕೂಸಿದ್ದಾಗಲೇ. ಎರಡು-ಮೂರು ವರ್ಷದಾಗ ನುಂಗಿದ್ದು ಏಳೆಂಟರ ವಯಸ್ಸಿನಾಗ ಬಿಳಿ ಚುಕ್ಕಿಯಾಗಿ, ಕಂದು ಪಟ್ಟಿಯಾಗಿ ಕಾಣತೈತಿ. ಆಮ್ಯಾಲೆ ಎಷ್ಟು ತಿಕ್ಕಿದರೂ ಹೋಗೂದಿಲ್ಲ.

ಹಂಗಂತ ಪೇಸ್ಟು ಒಗೆದುಬಿಡ್ರಿ, ಬೇವಿನ ಕಡ್ಡಿ ಸಾಕು ಅನ್ನೋ ಮಾತು ನಾನು ಒಪ್ಪೂದಿಲ್ಲ. ನಮಗ ಕಡ್ಡಿ ನಡೀತು, ಯಾಕಂದರೆ ಆಗ ಬಿಸ್ಕೀಟು, ಚಾಕಲೇಟು ಜಾತ್ರಿಗೊಮ್ಮೆ. ಈಗ ಹೊಲಕ್ಕೆ ಹೋಗೋ ಅವಸರದಾಗ ಅಳೂ ಕೂಸಿನ ಕೈಯಾಗ ನಾವೇ ಬಿಸ್ಕೀಟಿನ ಪುಡಿಕಿ ಕೊಡತೀವಿ, ಸಕ್ಕರಿ ಚಹಾದಾಗ ಅದ್ದಿ ತಿನ್ನಸತೀವಿ. ಹುಳುಕು ಬರೂದು ಅಲ್ಲಿಂದ. ಹಲ್ಲಿಗೆ ಹತ್ತಿದ ಸ್ವಲ್ಪ ಫ್ಲೋರೈಡ್ ಹುಳುಕು ತಡೀತೈತಿ ಅನ್ನೋದು ಖರೆ. ಯೂರಿಯಾ ಇದ್ದಂಗ: ಅಳತಿಯೊಳಗ ಬೆಳಿಗೆ ಬಲ, ಸುರಿದರೆ ಸುಡತೈತಿ.

ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿ ಕಾಳಿನಷ್ಟು, ಆರರ ತನಕ ಬಟಾಣಿಯಷ್ಟು ಪೇಸ್ಟು ಸಾಕಂತ ಮಕ್ಕಳ ದಂತವೈದ್ಯರು ಹೇಳತಾರ. ದೊಡ್ಡವರೇ ಹಚ್ಚಿ, ತಿಕ್ಕಿ, ಉಗುಳಿಸಬೇಕು. ನೀರೇ ಮಿತಿ ಮೀರಿದ ಊರಾಗ, ಉಗುಳಾಕ ಬಾರದ ಕೂಸಿಗೆ ಫ್ಲೋರೈಡ್ ಪೇಸ್ಟು ಬೇಕೋ ಬ್ಯಾಡೋ ಅನ್ನೋದನ್ನು ನೀರಿನ ವರದಿ ತೋರಿಸಿಯೇ ಕೇಳಬೇಕು.

ಆ ವರದಿ ಇಲ್ಲದೇ ಈ ಮಾತೆಲ್ಲಾ ಕತ್ತಲಾಗ ಕಲ್ಲು ಒಗೆದಂಗ. 2019ರಾಗ ಜಲ ಜೀವನ್ ಮಿಷನ್ ಬಂದ ಮ್ಯಾಲೆ ಪಂಚಾಯ್ತಿಗಳಿಗೆ ನೀರು ನೋಡೋ ಕಿಟ್ಟು ಕೊಟ್ಟಾರ. ಪೆಟ್ಟಿಗಿ ಮೂಲ್ಯಾಗ ಧೂಳು ತಿಂತಿದ್ದರೆ ಹೋಗಿ ಕೇಳ್ರಿ. ನಾನು ಮೂರು ಸಲ ಅಲೆದು ನಮ್ಮ ಬೋರಿನ ನೀರು ನೋಡಿಸಿದೆ. ಮಿತಿ ದಾಟಿತ್ತು. ಈಗ ಕುಡಿಯಾಕ, ಅಡಿಗಿಗೆ ಶುದ್ಧ ನೀರಿನ ಘಟಕದಿಂದ ಕ್ಯಾನು ತರತೀವಿ. ಬೋರಿನ ನೀರು ದನಕ್ಕೂ ಬಚ್ಚಲಕ್ಕೂ ಅಂತ ಅಂದುಕೊಂಡಿದ್ದೆ, ಆದರೆ ದನದ ಹಲ್ಲನ್ನೂ ಇದು ಕೆಡಸತೈತಂತ. ಅದರ ಚಿಂತಿ ಬ್ಯಾರೆ ಐತಿ.

ಪೇಸ್ಟು ಈಗ ಮಾಡದ ಮ್ಯಾಲೆ, ಹುಡುಗನ ಕೈಗೆ ಸಿಗದಂಗ ಇಟ್ಟೀವಿ. ಮುಂಜಾನೆ ನಮ್ಮವ್ವ ಕಾಳಿನಷ್ಟು ಹಚ್ಚಿದ ಕೂಡಲೇ "ಇನ್ನಷ್ಟು ಹಾಕು" ಅಂತ ಅಳತಾನ. ಅವನ ತಾಯಿ ಮಾತ್ರ ಒಂದು ಕೂದಲಿನಷ್ಟೂ ಹೆಚ್ಚು ಹಾಕಗೊಡೂದಿಲ್ಲ.