ಜಮೀನಿಗೆ ‘ಕತ್ತರಿ’ ಅಂತ ಬರೀಬೇಡಿ

ಪೇಪರ್ ತೆಗೆದರೆ ಕತ್ತರಿ. ಅನುದಾನಕ್ಕೆ ಕತ್ತರಿ, ಪಿಂಚಣಿಗೆ ಕತ್ತರಿ, ಜನರ ಜೇಬಿಗೆ ಕತ್ತರಿ, ಸಿನಿಮಾಗೆ ಸೆನ್ಸಾರ್ ಕತ್ತರಿ. ತಲೆಬರಹಕ್ಕೆ ಚಿಕ್ಕ ಪದ ಬೇಕು, ಒಪ್ಪೋಣ. ಪತ್ರಿಕೋದ್ಯಮ ಓದುವಾಗ ನಾವೂ ಇದನ್ನೇ ಕಲಿತದ್ದು. ಆದರೆ ‘ರೈತರ ಜಮೀನಿಗೆ ಕತ್ತರಿ’ ಅಂತ ಬರೆದರೆ ಸುಮ್ಮನಿರೋಕಾಗಲ್ಲ.

ಕತ್ತರಿ ಏನು ಮಾಡುತ್ತೆ ಅಂತ ಕುರಿ ಸಾಕಿದವರನ್ನು ಕೇಳಿ. ಕುರಿಯ ಕಾಲು ಕಟ್ಟಿ, ಮಗ್ಗುಲಿಗೆ ಮಲಗಿಸಿ, ಚರ್ಮಕ್ಕೆ ತಾಗದ ಹಾಗೆ ತುಪ್ಪಟ ಕತ್ತರಿಸುತ್ತಾರೆ. ಗಾಯವಾದರೆ ಹುಳ ಬೀಳುತ್ತೆ, ಅದಕ್ಕೇ ಕೈ ನಿಧಾನ. ಬಿಟ್ಟ ತಕ್ಷಣ ಕುರಿ ಮೈ ಒದರಿಕೊಂಡು ಮೇಯೋಕೆ ಹೋಗುತ್ತೆ. ಕೆಲವು ತಿಂಗಳಿಗೆ ಮತ್ತೆ ತುಪ್ಪಟ. ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಗೂ ಅಷ್ಟೆ: ಕತ್ತರಿ ಹಾಕಿದ ಮೇಲೆ ಬರುವ ಚಿಗುರಲ್ಲೇ ಗೊನೆ. ಹಿಪ್ಪುನೇರಳೆಯನ್ನು ಬುಡಕ್ಕೆ ಕತ್ತರಿಸಿದರೂ ಎರಡು ಎರಡೂವರೆ ತಿಂಗಳಲ್ಲಿ ಸೊಪ್ಪು ಬರುತ್ತೆ.

ಎರಡು ಎಕರೆ ಹೋದರೆ ಮುಂದಿನ ಮಳೆಗೆ ಚಿಗುರುತ್ತಾ?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ ನೋಡಿ. 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತಗೊಳ್ತೀವಿ ಅಂತ 2022ರಲ್ಲಿ ಸರ್ಕಾರ ಹೊರಟಾಗ ರೈತರು ಧರಣಿ ಕೂತರು. ಮೂರು ವರ್ಷಕ್ಕೂ ಹೆಚ್ಚು ಕೂತರು. ಸ್ವಾಧೀನ ಕೈಬಿಡ್ತೀವಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ್ದು 2025ರ ಜುಲೈ 15ಕ್ಕೆ. ಮತ್ತೆ ಬೆಳೆಯೋ ವಸ್ತುವಿಗೆ ಯಾರಾದರೂ ಅಷ್ಟು ದಿನ ಕೂರ್ತಾರಾ?

ಇದಕ್ಕೆ ನಮ್ಮಲ್ಲಿ ಬೇರೆ ಮಾತೇ ಇದೆ: ಸುಲಿಗೆ. ಸುಲಿಯೋದು ಅಂದರೆ ಚರ್ಮ ತೆಗೆಯೋದು. ಕುರಿಯನ್ನು ಸುಲಿಯೋದು ಅದು ಸತ್ತ ಮೇಲೆ.

‘ಪರಿಹಾರ ಕೊಡ್ತಾರಲ್ಲ’ ಅಂತೀರಿ. ಕೊಡ್ತಾರೆ, ಒಂದು ಸಲ, ಪಹಣಿ ಇದ್ದವರಿಗೆ. ಗೋಮಾಳದಲ್ಲಿ ಕುರಿ ಮೇಯಿಸಿಕೊಂಡು ಬಂದವರ ಹೆಸರು ಯಾವ ಪಹಣಿಯಲ್ಲಿದೆ? ಅಲ್ಲಿ ಬೇಲಿ ಬಿದ್ದರೆ ಅವರು ಮಂದೆ ಮಾರಬೇಕು. ಆಮೇಲೆ ನಿಜವಾದ ಕತ್ತರಿಗೂ ಕೆಲಸ ಇಲ್ಲ.

ಇನ್ನೊಂದು ಮಾತಿದೆ, ಅದು ಪೇಪರಿನವರದಲ್ಲ, ನಮ್ಮದೇ. ಬ್ರೋಕರ್ ಮೋಸ ಮಾಡಿದರೆ ‘ಅವನಿಗೆ ಚೆನ್ನಾಗಿ ತಲೆ ಬೋಳಿಸಿದರು’ ಅಂತ ಅರಳಿಕಟ್ಟೆಯಲ್ಲಿ ಕೂತು ನಗ್ತೀವಿ. ಮೋಸ ಹೋದವನೇ ಕುರಿ ಆಗ್ತಾನೆ, ಮಾಡಿದವನು ಜಾಣ. ಈ ನಗುವಿಗೆ ಹೆದರಿ ಎಷ್ಟೋ ಜನ ಪೊಲೀಸ್ ಠಾಣೆಗೂ ಹೋಗಲ್ಲ.

ನಿಮ್ಮೂರಿನ ಸುದ್ದಿಯಲ್ಲಿ ‘ಜಮೀನಿಗೆ ಕತ್ತರಿ’ ಕಂಡರೆ ಆ ವರದಿಗಾರರಿಗೆ ಫೋನ್ ಮಾಡಿ. ಎಷ್ಟು ಎಕರೆ, ಯಾರದ್ದು, ಯಾವ ಇಲಾಖೆ ತಗೊಳ್ತಿದೆ ಅಂತ ಕೇಳಿ. ನಾವು ಬರೆದಿದ್ದರೆ ನಮಗೂ ಮಾಡಿ.