ಅಂಗೈಯಲ್ಲಿನ ಒಗಟು: ಒಂದು ವಿಚಾರ

ಆಟವು ಪಾಠಕ್ಕೆ ಶತ್ರುವೆಂಬ ಭಾವನೆ ನಮ್ಮ ಶಿಕ್ಷಣ ಸಂಸ್ಥೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ಬಯಲಿನಲ್ಲಿ ಆಡುವ ಕಬಡ್ಡಿ, ಖೋಖೋಗಳಿಗೆ ವೇಳಾಪತ್ರಿಕೆಯಲ್ಲಿ ಒಂದು ಅವಧಿಯನ್ನು ನಾವು ಕೊಟ್ಟಿದ್ದೇವೆ. ಕುಳಿತು ಆಡುವ ಆಟಕ್ಕೆ ಮಾತ್ರ ಇನ್ನೂ ಗೌರವದ ಸ್ಥಾನ ದೊರೆತಿಲ್ಲ. ಈಗಂತೂ ಆ ಆಟ ಮಕ್ಕಳ ಅಂಗೈಗೇ ಬಂದು ಕುಳಿತಿದೆ. 2020ರಲ್ಲಿ ಕೋವಿಡ್ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ, ಪಾಠಕ್ಕೆಂದು ಬಂದ ಮೊಬೈಲು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಎಷ್ಟೋ ಒಕ್ಕಲು ಮನೆತನಗಳಲ್ಲಿ ಮಕ್ಕಳ ಕೈ ಸೇರಿತು. ಮುಂದೆ ಶಾಲೆಗಳು ತೆರೆದವು. ಪಾಠ ಶಾಲೆಗೆ ಮರಳಿತು, ಆಟ ಮೊಬೈಲಿನಲ್ಲಿಯೇ ಉಳಿಯಿತು.

ಈ ಆಟಗಳ ವಿಷಯದಲ್ಲಿ ನಮ್ಮ ಹಿರಿಯರ ನಿಲುವು ಎರಡು ಬಗೆಯಾಗಿದೆ. ಮೊಬೈಲಿನ ಆಟವೆಲ್ಲವೂ ಹಾಳು, ಅದನ್ನು ಮಕ್ಕಳ ಕೈಯಿಂದ ಕಸಿದುಕೊಳ್ಳುವುದೊಂದೇ ದಾರಿ ಎಂಬುದು ಒಂದು ನಿಲುವು. ಕುಸ್ತಿ ಕಾಳಗದ ಆಟ ಬೇಡ, ಬುದ್ಧಿಗೆ ಕೆಲಸ ಕೊಡುವ ಒಗಟಿನ ಆಟವಾದರೆ ಆಡಲಿ ಎಂಬುದು ಇನ್ನೊಂದು. ಮೊದಲನೆಯದು ಆಚರಣೆಗೆ ಬಾರದು. ಎರಡನೆಯದು ವಿವೇಕದ ಮಾತಿನಂತೆ ತೋರುತ್ತದೆಯಾದರೂ ಅದರಲ್ಲೊಂದು ದೋಷವಿದೆ. ಇಂದಿನ ಯಂತ್ರಗಳಲ್ಲಿ ಒಗಟು ಒಂಟಿಯಾಗಿ ಬರುವುದು ವಿರಳ. ಅದು ಕಥೆಯೊಡನೆ, ಕಾಳಗದೊಡನೆ, ವೇಗದೊಡನೆ, ಕೆಲವೊಮ್ಮೆ ಜೂಜಿನೊಡನೆಯೂ ಬೆರೆತು ಬರುತ್ತದೆ. ಆದುದರಿಂದ ಆಟದಲ್ಲಿ ಒಗಟಿದೆಯೇ ಎಂದು ಕೇಳಿ ಸಮಾಧಾನಪಡುವುದು ಸಾಲದು. ಒಗಟಿನೊಡನೆ ಏನು ಬೆರೆತಿದೆ, ಅವೆರಡರಲ್ಲಿ ಯಾವುದು ಯಾವುದಕ್ಕೆ ಆಳಾಗಿದೆ ಎಂದು ಕೇಳಬೇಕು. ಈ ಮಾತನ್ನು ಶಿಕ್ಷಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಇಂಥ ಬೆರಕೆ ನಮಗೆ ಹೊಸತೇನೂ ಅಲ್ಲ. ನಮ್ಮ ನಾಡಿನಲ್ಲಿ ಒಗಟು ಎಂದೂ ಜೊತೆಗಾರರಿಲ್ಲದೆ ನಡೆದುದಿಲ್ಲ. ಮದುವೆಯ ಮನೆಯಲ್ಲಿ ಅದು ಒಡಪಾಗಿ ಸಂಬಂಧದೊಡನೆ ಬೆರೆಯಿತು. ಪತಿಯ ಹೆಸರನ್ನು ನೇರವಾಗಿ ಹೇಳಲು ನಾಚುವ ಮದುಮಗಳು ಅದನ್ನು ಪ್ರಾಸದ ಮರೆಯಲ್ಲಿಟ್ಟು ಹೇಳಿದಳು. ಹರದೇಶಿ-ನಾಗೇಶಿ ಲಾವಣಿಗಳ ಮೇಳದಲ್ಲಿ ಅದು ಹಾಡಿನೊಡನೆಯೂ ವಾದದೊಡನೆಯೂ ಬೆರೆಯಿತು. ಒಂದು ಪಕ್ಷ ಸವಾಲನ್ನು ಒಡ್ಡಿದರೆ ಇನ್ನೊಂದು ಪಕ್ಷ ಹಾಡಿನಲ್ಲಿಯೇ ಜವಾಬು ಕೊಡಬೇಕು. ಹನ್ನೆರಡನೆಯ ಶತಮಾನದಲ್ಲಿ ಅಲ್ಲಮಪ್ರಭುದೇವರ ಬೆಡಗಿನ ವಚನಗಳಲ್ಲಿ ಒಗಟು ಅನುಭಾವದೊಡನೆ ಬೆರೆತು ಅತ್ಯುನ್ನತ ಪದವಿಯನ್ನು ಪಡೆಯಿತು. ಕುಂದಗೋಳ ತಾಲೂಕಿನ ಕಳಸದ ಗುರು ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಶರೀಫ ಸಾಹೇಬರು (1819-1889) ಸೋರುವ ಮಾಳಿಗೆಯನ್ನೂ ಗಿರಣಿಯನ್ನೂ ಮುಂದಿಟ್ಟುಕೊಂಡು ತತ್ತ್ವಪದ ಹಾಡಿದಾಗ, ಕೇಳುವ ರೈತನಿಗೆ ಮೊದಲು ದಕ್ಕಿದುದು ಮನೆಯ ಚಿತ್ರ, ಆಮೇಲೆ ದಕ್ಕಿದುದು ದೇಹದ ಗುಟ್ಟು.

ಇವೆಲ್ಲವುಗಳಲ್ಲಿ ಒಂದು ಸಾಮಾನ್ಯ ಗುಣವನ್ನು ಕಾಣಬಹುದು. ಒಗಟಿನೊಡನೆ ಬೆರೆತ ವಸ್ತುವು ಒಗಟನ್ನು ದೊಡ್ಡದು ಮಾಡುತ್ತದೆ. ಬೆಡಗನ್ನು ಬಿಡಿಸಿದಾಕ್ಷಣ ವಚನ ಮುಗಿಯುವುದಿಲ್ಲ. ಬಿಡಿಸಿದ ಮೇಲೆಯೇ ಅದರ ಕೆಲಸ ಆರಂಭವಾಗುತ್ತದೆ. ಇದನ್ನೇ ನಾವು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಕುಳಿತು ಆಡುವ ನಮ್ಮ ಆಟಗಳನ್ನು ಈ ಅಳತೆಗೋಲಿನಿಂದ ನೋಡೋಣ. ಚೌಕಾಬಾರದಲ್ಲಿ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಆಡುವವನಿಗೆ ನಾಲ್ಕು ಕಾಯಿ. ಕವಡೆ ಎಷ್ಟು ಬೀಳುವುದೆಂಬುದು ಯಾರ ಕೈಯಲ್ಲೂ ಇಲ್ಲ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು. ಆದರೆ ಬಿದ್ದ ಎಣಿಕೆಯನ್ನು ಯಾವ ಕಾಯಿಗೆ ನಡೆಸಬೇಕು, ಎದುರಾಳಿಯ ಕಾಯಿಯನ್ನು ಹೊಡೆಯಬೇಕೇ, ತನ್ನ ಕಾಯಿಯನ್ನು ಕಟ್ಟೆಗೆ ಸೇರಿಸಿ ಕಾಪಾಡಿಕೊಳ್ಳಬೇಕೇ ಎಂಬುದು ಆಟಗಾರನ ವಿವೇಚನೆಗೆ ಬಿಟ್ಟದ್ದು. ದೈವ ಕೊಟ್ಟುದನ್ನು ಬುದ್ಧಿ ಹೇಗೆ ಬಳಸಬೇಕೆಂಬುದೇ ಇಲ್ಲಿಯ ಒಗಟು. ಹುಲಿ-ಕುರಿಯ ಆಟದಲ್ಲಿಯಾದರೋ ದೈವಕ್ಕೆ ಎಡೆಯೇ ಇಲ್ಲ. ಹುಲಿಗಳು ಕೆಲವೇ, ಬಲಶಾಲಿಗಳು. ಕುರಿಗಳು ಹಲವು, ಒಂದೊಂದೂ ದುರ್ಬಲ. ಕುರಿಗಳು ಒಗ್ಗಟ್ಟಿನಿಂದ ನಿಂತು ಹುಲಿಯ ದಾರಿಯನ್ನು ಕಟ್ಟಬೇಕು. ಇಲ್ಲಿ ಒಗಟು ಕಾಳಗದೊಡನೆ ಬೆರೆತಿದೆ. ಬೆರೆತು, ಸಂಘಟನೆಯೆಂಬ ಪಾಠವನ್ನು ಬಾಯಿಂದ ಹೇಳದೆಯೇ ಕಲಿಸಿದೆ.

ಇನ್ನು ಕೈಯಲ್ಲಿ ಹಿಡಿದು ಆಡುವ ಯಂತ್ರಗಳ ಕಡೆಗೆ ಬರೋಣ. ಇವುಗಳಲ್ಲಿ ಜಗತ್ಪ್ರಸಿದ್ಧವಾದುದು ಟೆಟ್ರಿಸ್. ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೋವ್ ಇದನ್ನು 1984ರಲ್ಲಿ ರಚಿಸಿದರು. 1989ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ ಗೇಮ್ ಬಾಯ್ ಎಂಬ ಕೈಯಂತ್ರದ ಮೂಲಕ ಅದು ದೇಶದೇಶಗಳನ್ನು ತಲುಪಿತು. ನಮ್ಮ ಕಡೆಯ ಜಾತ್ರೆಗಳ ಆಟಿಕೆ ಅಂಗಡಿಗಳಲ್ಲಿ ಬ್ರಿಕ್ ಗೇಮ್ ಎಂಬ ಹೆಸರಿನಿಂದ ಮಾರಾಟವಾಗುತ್ತಿದ್ದ ಅಗ್ಗದ ಯಂತ್ರಗಳಲ್ಲಿ ಇದ್ದುದೂ ಇದರ ಅನುಕರಣವೇ. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಆಕಾರಗಳು ಮೇಲಿನಿಂದ ಇಳಿಯುತ್ತವೆ. ಅವುಗಳನ್ನು ತಿರುಗಿಸಿ, ಸಂದಿಲ್ಲದಂತೆ ಹೊಂದಿಸಿದರೆ ತುಂಬಿದ ಸಾಲು ಮಾಯವಾಗುತ್ತದೆ. ಇಲ್ಲಿ ಒಗಟಿನೊಡನೆ ಬೆರೆತದ್ದು ವೇಗ. ಈ ಬೆರಕೆ ಕಣ್ಣನ್ನೂ ಕೈಯನ್ನೂ ಚುರುಕುಗೊಳಿಸುತ್ತದೆ. ಆದರೆ ಇಳಿಯುವ ಆಕಾರ ಯಾರಿಗಾಗಿಯೂ ಕಾಯುವುದಿಲ್ಲ. ಆದ್ದರಿಂದ ಆಲೋಚನೆಗೆ ಬಿಡುವು ಕಡಿಮೆ. ಮಿತವಾಗಿ ಆಡಿದರೆ ಇದು ನಿರುಪದ್ರವಿಯಾದ ವ್ಯಾಯಾಮ.

ಎರಡನೆಯದು ಪ್ರೊಫೆಸರ್ ಲೇಟನ್ ಎಂಬ ಆಟ. ಜಪಾನಿನ ಲೆವೆಲ್-5 ಸಂಸ್ಥೆಯು 2007ರಲ್ಲಿ ನಿಂಟೆಂಡೊ ಡಿಎಸ್ ಎಂಬ ಕೈಯಂತ್ರಕ್ಕಾಗಿ ಇದನ್ನು ಹೊರತಂದಿತು. ಇದರಲ್ಲಿ ಒಗಟು ಕಥೆಯೊಡನೆ ಬೆರೆತಿದೆ. ಪ್ರಾಧ್ಯಾಪಕನೊಬ್ಬ ತನ್ನ ಶಿಷ್ಯನೊಡನೆ ಒಂದು ವಿಚಿತ್ರ ಊರನ್ನು ಹೊಗುತ್ತಾನೆ. ಎದುರಾದವರೆಲ್ಲರೂ ಒಂದೊಂದು ಒಗಟನ್ನು ಒಡ್ಡುತ್ತಾರೆ. ಬಿಡಿಸಿದಂತೆಲ್ಲ ಕಥೆ ಮುಂದೆ ಸಾಗುತ್ತದೆ. ಒಗಟುಗಳನ್ನು ಸಿದ್ಧಪಡಿಸಿದವರು ಅಂಥ ಪುಸ್ತಕಗಳಿಂದ ಜಪಾನಿನಲ್ಲಿ ಮನೆಮಾತಾಗಿದ್ದ ಅಕಿರಾ ತಾಗೊ ಅವರು. ತಪ್ಪು ಉತ್ತರ ಕೊಟ್ಟರೆ ಆ ಒಗಟಿನ ಅಂಕ ಇಳಿಯುತ್ತದೆ, ಆದರೆ ಬಾಗಿಲು ಮುಚ್ಚುವುದಿಲ್ಲ. ಸುಳಿವು ಬೇಕಾದರೆ ಕಥೆಯ ಊರಿನಲ್ಲಿಯೇ ಹುಡುಕಿ ಸಂಪಾದಿಸಿದ ನಾಣ್ಯವನ್ನು ತೆರಬೇಕು. ನಿಧಾನವಾಗಿ ಕಲಿಯುವ ಮಗುವಿಗೆ ಇದಕ್ಕಿಂತ ತಾಳ್ಮೆಯ ಗುರು ದೊರೆಯುವುದು ಕಷ್ಟವೆಂದು ಒಪ್ಪಿಕೊಳ್ಳಲೇಬೇಕು. ಆದರೂ ಇದರಲ್ಲೊಂದು ಕೊರತೆಯಿದೆ. ಎಷ್ಟೋ ಒಗಟುಗಳಿಗೂ ಕಥೆಗೂ ಒಳಸಂಬಂಧವಿಲ್ಲ. ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೂ ಕಥೆಗೆ ಏನೂ ಆಗದು. ಒಗಟೂ ಕಥೆಯೂ ಒಂದೇ ಮನೆಯಲ್ಲಿ ಬಾಡಿಗೆಗಿದ್ದಂತಿವೆ. ಶರೀಫರ ಮಾಳಿಗೆಯಿಂದ ದೇಹವನ್ನು ಹೀಗೆ ಬೇರ್ಪಡಿಸಲು ಬಾರದು.

ಮೂರನೆಯದು ಅದೇ 2007ರಲ್ಲಿ ಬಂದ ಪಜಲ್ ಕ್ವೆಸ್ಟ್. ಆಸ್ಟ್ರೇಲಿಯಾದ ಒಂದು ಸಂಸ್ಥೆಯ ಕೃತಿಯಿದು. ಎಂಟು ಸಾಲು, ಎಂಟು ಕಂಬಗಳ ಹಾಸಿನಲ್ಲಿ ಬಣ್ಣಬಣ್ಣದ ಹರಳುಗಳಿರುತ್ತವೆ. ಒಂದೇ ಬಗೆಯ ಮೂರು ಹರಳುಗಳನ್ನು ಸಾಲುಗೂಡಿಸಿದರೆ ಆ ಬಣ್ಣದ ಶಕ್ತಿ ದೊರೆಯುತ್ತದೆ, ತಲೆಬುರುಡೆಗಳನ್ನು ಸಾಲುಗೂಡಿಸಿದರೆ ಎದುರಾಳಿಗೆ ಪೆಟ್ಟು ಬೀಳುತ್ತದೆ. ಇಬ್ಬರೂ ಒಂದೇ ಹಾಸಿನ ಮೇಲೆ ಸರದಿಯಂತೆ ಆಡುವುದರಿಂದ ತನಗೆ ಲಾಭವಾಗುವ ನಡೆ ಎದುರಾಳಿಗೆ ಏನನ್ನು ಬಿಟ್ಟುಕೊಡುತ್ತದೆ ಎಂಬುದನ್ನೂ ಎಣಿಸಬೇಕು. ಕಾಳಗವಿಲ್ಲದಿದ್ದರೆ ಈ ಒಗಟಿಗೆ ಅರ್ಥವಿಲ್ಲ, ಒಗಟಿಲ್ಲದಿದ್ದರೆ ಕಾಳಗವಿಲ್ಲ. ಬೆರಕೆಯ ದೃಷ್ಟಿಯಿಂದ ಲೇಟನ್ನಿಗಿಂತ ಇದು ಮೇಲೆಂದು ನನ್ನ ಅಭಿಪ್ರಾಯ. ಹೊರನೋಟಕ್ಕೆ ಒಂದು ಸಭ್ಯ, ಇನ್ನೊಂದು ಯುದ್ಧದ ಆಟ. ಆದರೂ ನಮ್ಮ ಹುಲಿ-ಕುರಿಗೆ ಹತ್ತಿರವಾದುದು ಎರಡನೆಯದೇ. ಕಾಳಗವಿದೆಯೆಂದ ಮಾತ್ರಕ್ಕೆ ಆಟವನ್ನು ಹಳಿಯುವುದು ಸರಿಯಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ನಾಲ್ಕನೆಯದು ಜಪಾನಿನಲ್ಲಿಯೇ 2012ರಲ್ಲಿ ಮೊಬೈಲಿಗಾಗಿ ಬಂದ ಪಜಲ್ ಅಂಡ್ ಡ್ರಾಗನ್ಸ್. ಇದರಲ್ಲಿಯೂ ಬಣ್ಣದ ಗುಂಡುಗಳನ್ನು ಸಾಲುಗೂಡಿಸಿ ಕಾಳಗ ನಡೆಸಬೇಕು. ಒಗಟೇನೋ ಸೊಗಸಾದುದೇ. ಆದರೆ ಕಾಳಗದಲ್ಲಿ ಜೊತೆ ನಿಲ್ಲುವ ಪ್ರಾಣಿಗಳು ಬಹುಮಟ್ಟಿಗೆ ಒಂದು ಮೊಟ್ಟೆಯ ಯಂತ್ರದಿಂದ ಬರಬೇಕು. ಯಾವ ಮೊಟ್ಟೆಯಲ್ಲಿ ಯಾವ ಪ್ರಾಣಿ ಇದೆಯೆಂಬುದು ಮೊದಲೇ ತಿಳಿಯದು. ಯಂತ್ರವನ್ನು ತಿರುಗಿಸಲು ಬೇಕಾದ ಕಲ್ಲುಗಳು ಆಡುತ್ತ ಕೆಲವು ದೊರೆಯುತ್ತವೆ. ಹೆಚ್ಚು ಬೇಕೆಂದರೆ ನಿಜವಾದ ಹಣ ಕೊಟ್ಟು ಕೊಳ್ಳಬೇಕು. ಇಂಥ ಯಂತ್ರಗಳಲ್ಲಿ ಅತಿರೇಕದ ಒಂದು ಬಗೆಯನ್ನು ಜಪಾನಿನ ಗ್ರಾಹಕ ಸಂರಕ್ಷಣಾ ಇಲಾಖೆಯು 2012ರಲ್ಲಿಯೇ ಕಾನೂನುಬಾಹಿರವೆಂದು ಸಾರಿತು. ಇಲ್ಲಿ ಒಗಟಿನೊಡನೆ ಬೆರೆತುದು ಜೂಜಿನ ಆಸೆ. ಒಗಟು ಗಾಳದ ತುದಿಯ ಎರೆಯಾಗಿದೆ.

ಜೂಜು ಮೊಬೈಲಿನೊಡನೆ ಬಂದ ಪಿಡುಗೆಂದು ಹೇಳುವುದು ಸತ್ಯಕ್ಕೆ ದೂರ. ಮಹಾಕವಿ ಪಂಪನ ತಾಯಿಯ ಮನೆತನ ಅಣ್ಣಿಗೇರಿಯದೆಂದು ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನದಿಂದ ತಿಳಿಯುತ್ತದೆ. ಆ ಪಂಪನ ಭಾರತದಲ್ಲಿಯೂ ರಾಜ್ಯವೊಂದು ಪಗಡೆಯ ಹಾಸಿನ ಮೇಲೆಯೇ ಕೈಬಿಟ್ಟಿತು. ಹಬ್ಬದ ನೆಪದಲ್ಲಿ ಇಸ್ಪೀಟಿಗೆ ಕುಳಿತು ಬೆಳೆಯ ಹಣವನ್ನು ಕಳೆದವರನ್ನು ನಮ್ಮ ಊರುಗಳು ಕಂಡಿವೆ. ಕೌಶಲ ಯಾವುದು, ಜೂಜು ಯಾವುದು ಎಂಬ ಪ್ರಶ್ನೆ ನ್ಯಾಯಾಲಯಗಳನ್ನೂ ಬಹುಕಾಲ ಕಾಡಿದೆ. ರಮ್ಮಿಯಾಟದಲ್ಲಿ ಕೌಶಲವೇ ಪ್ರಧಾನವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ಹೇಳಿತು. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ರಾಜ್ಯದ ಉಚ್ಚ ನ್ಯಾಯಾಲಯವು 2022ರಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಕೌಶಲವಿರಲಿ, ದೈವವಿರಲಿ, ಎರಡೂ ಬೆರೆತಿರಲಿ, ಹಣ ಗೆಲ್ಲುವ ಆಸೆಯಿಂದ ಹಣ ಹೂಡಿ ಆಡುವ ಆನ್‌ಲೈನ್ ಆಟವನ್ನೇ ನಿಷೇಧಿಸಿತು.

ಕಾನೂನು ತನ್ನ ಕೆಲಸ ಮಾಡಲಿ. ಆದರೆ ಒಗಟಿನ ವೇಷದಲ್ಲಿ ಬಂದು ಮಗುವಿನ ಕೈಯಿಂದ ಅಪ್ಪನ ಖಾತೆಯ ಹಣ ಖರ್ಚುಮಾಡಿಸುವ ಎಲ್ಲ ಸೂಕ್ಷ್ಮ ಆಮಿಷಗಳನ್ನೂ ಕಾನೂನು ಹಿಡಿಯಲಾರದು. ಅಲ್ಲಿ ಬೇಕಾದುದು ವಿವೇಕ. ಆ ವಿವೇಕದ ಮೂಲ ನಮ್ಮ ಪರಂಪರೆಯಲ್ಲಿಯೇ ಇದೆ. ಕಾಯಕವಿಲ್ಲದ ಗಳಿಕೆ ಪ್ರಸಾದವಾಗದೆಂಬುದು ಶರಣರ ನಿಲುವು. ಆಟಕ್ಕೂ ಇದನ್ನು ಅನ್ವಯಿಸಬಹುದು. ತಾನೇ ಯೋಚಿಸಿ ಬಿಡಿಸಿದ ಒಗಟು ಮಗುವಿನ ಕಾಯಕ. ಹಣ ತೆತ್ತು ಪಡೆದ ಗೆಲುವು ಅಲ್ಲ.

ಆದುದರಿಂದ ಕೆಲವು ಸೂಚನೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಮೊದಲನೆಯದಾಗಿ, ಶಿಕ್ಷಕರು ಒಂದು ಆಟವನ್ನು ಹೊಗಳುವ ಅಥವಾ ಹಳಿಯುವ ಮುನ್ನ ಅದನ್ನು ತಾವೇ ಆಡಿ ನೋಡಬೇಕು. ಬೆರೆತ ವಸ್ತುವನ್ನು ತೆಗೆದರೆ ಒಗಟು ಬಡವಾಗುವುದೇ? ಗೆಲುವು ಯೋಚನೆಯಿಂದ ಬರುವುದೇ, ಹಣದಿಂದ ಬರುವುದೇ? ಆಟ ಮುಗಿಸಿ ಏಳಲು ಮಗುವಿಗೆ ಎಡೆಯಿದೆಯೇ? ಈ ಮೂರು ಪ್ರಶ್ನೆಗಳು ಸಾಕು.

ಎರಡನೆಯದಾಗಿ, ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕಗಳ ಮಗ್ಗುಲಲ್ಲಿ ಆಟದ ಕಪಾಟೊಂದು ಇರಲಿ. ಚೌಕಾಬಾರದ ಹಾಸು, ಕವಡೆ, ಅಳಗುಳಿ ಮಣೆ, ಹುಲಿ-ಕುರಿಯ ಹಲಗೆ, ಚದುರಂಗ, ಇವುಗಳ ವೆಚ್ಚ ಬಹು ಅಲ್ಪ. ಅವುಗಳೊಡನೆ, ಒಳಗೆ ಮತ್ತೆ ಹಣ ಕೇಳದ ಕೆಲವು ಒಳ್ಳೆಯ ಒಗಟಿನ ಆಟಗಳನ್ನು ಆರಿಸಿ ಒಂದೆರಡು ಯಂತ್ರಗಳಲ್ಲಿ ಇರಿಸಬಹುದು. ಯಂತ್ರದ ಆಟವನ್ನು ಮಗು ಒಬ್ಬಂಟಿಯಾಗಿ ಆಡುತ್ತದೆ. ಹಾಸಿನ ಆಟಕ್ಕೆ ಜೊತೆಗಾರರು ಬೇಕು. ಎರಡನ್ನೂ ಒಂದೇ ಕಪಾಟಿನಲ್ಲಿಟ್ಟರೆ ಮಕ್ಕಳೇ ಹೋಲಿಸಿ ತಿಳಿಯುತ್ತಾರೆ. ಅನ್ನಕ್ಕೂ ಅಕ್ಷರಕ್ಕೂ ಕೈ ನೀಡಿದ ದಾನಿಗಳಿಗೆ ಇದೊಂದು ದೊಡ್ಡ ಭಾರವೆನಿಸದು.

ಮೂರನೆಯದಾಗಿ, ವಾರ್ಷಿಕೋತ್ಸವದಲ್ಲಿ ಭಾಷಣ, ನಿಬಂಧಗಳ ಜೊತೆಗೆ ಒಗಟಿನ ಕಥೆಯ ಸ್ಪರ್ಧೆಯೊಂದು ನಡೆಯಲಿ. ತಮ್ಮ ಊರಿನ ಕೆರೆ, ಸಂತೆ, ಹೊಲಗಳನ್ನು ಬಳಸಿ, ಬಿಡಿಸಿದ ಹೊರತು ಮುಂದೆ ಸಾಗದಂಥ ಕಥೆಯನ್ನು ಮಕ್ಕಳು ಕಾಗದದ ಮೇಲೆ ಕಟ್ಟಲಿ. ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ಗಣಕ ಕ್ಷೇತ್ರದಲ್ಲಿ ಹೆಸರು ಮಾಡಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಅವುಗಳಲ್ಲಿ ಉತ್ತಮವಾದವನ್ನು ಯಂತ್ರಕ್ಕೆ ಅಳವಡಿಸಿಕೊಟ್ಟರೆ, ಅದು ಮಾತೃಸಂಸ್ಥೆಗೆ ಅವರು ಸಲ್ಲಿಸುವ ಜ್ಞಾನದಾಸೋಹವೇ ಸರಿ. ಮೇಲೆ ಹೆಸರಿಸಿದ ನಾಲ್ಕು ಆಟಗಳೂ ಪರನಾಡಿನವು, ಪರಭಾಷೆಯವು. ಬೆಡಗಿನ ವಚನವನ್ನು ಕೊಟ್ಟ ಭಾಷೆ ಅಂಗೈಯ ಆಟದಲ್ಲಿ ಬರಿಗೈಯಾಗಿ ಉಳಿಯಬೇಕಾದ ಕಾರಣವಿಲ್ಲ.

ಮೊಬೈಲನ್ನು ಕಸಿದುಕೊಂಡರೆ ಮಗು ನಾಳೆ ಮತ್ತೊಂದನ್ನು ಹುಡುಕುತ್ತದೆ. ಒಗಟಿನೊಡನೆ ಬೆರೆತುದನ್ನು ಗುರುತಿಸುವ ಕಣ್ಣನ್ನು ಕೊಟ್ಟರೆ, ಎರೆ ಯಾವುದು, ಊಟ ಯಾವುದು ಎಂಬುದನ್ನು ಅದು ತಾನೇ ಅರಿಯುತ್ತದೆ. ಆ ಕಣ್ಣನ್ನು ಕೊಡುವ ಕಾರ್ಯಕ್ಕೆ ಶ್ರೀಮಠದ ಪರಮಪೂಜ್ಯರ ಆಶೀರ್ವಾದವೂ ಶಿಕ್ಷಕ ವೃಂದದ ಶ್ರಮವೂ ಮಹನೀಯ ದಾನಿಗಳ ಔದಾರ್ಯವೂ ಒದಗಿ ಬರಲೆಂದು ಹಾರೈಸುತ್ತೇನೆ.