ಪೂಲ್ ಒಡೆದ ನಾಡಿನವರಿಗೆ ಒಂದು ಮಾತು

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಹಳೆಯ ಬೆಳೆಗಾರರಿಗೆ ‘ಪೂಲ್’ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಬೆಳೆಗಾರರನ್ನು ಕಾಪಾಡಲೆಂದು ಬಂದ ವ್ಯವಸ್ಥೆ ಅದು. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಸುರಿಯಬೇಕಿತ್ತು. ಮನೆ ಖರ್ಚಿಗೆ, ಬಿತ್ತನೆಗೆ ಇಟ್ಟುಕೊಂಡದ್ದು ಬಿಟ್ಟರೆ ಒಂದು ಮೂಟೆಯನ್ನೂ ನಾವಾಗಿ ಮಾರುವಂತಿರಲಿಲ್ಲ. ಹಣ ಕಂತು ಕಂತಾಗಿ, ಮಂಡಳಿ ಕೊಟ್ಟಾಗ ಬರುತ್ತಿತ್ತು. ಯುದ್ಧ ಮುಗಿಯಿತು, ಪೂಲ್ ಮುಗಿಯಲಿಲ್ಲ. 1992ರಲ್ಲಿ ಬೆಳೆಯ ಒಂದು ಪಾಲನ್ನು ನಮ್ಮ ಕೈಗೆ ಬಿಟ್ಟರು. ಪೂರ್ತಿ ಕೈಗೆ ಸಿಗುವ ಹೊತ್ತಿಗೆ 1996 ಬಂದಿತ್ತು.

ಆ ಐವತ್ತು ಚಿಲ್ಲರೆ ವರ್ಷ ನಮ್ಮ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: ನಾನು ಬೆಳೆದದ್ದು ನನ್ನದಲ್ಲವೇ? ಅದೇ ಪ್ರಶ್ನೆಯನ್ನು ಇಂದು ಕಾಫಿಯನ್ನು ಬಿಟ್ಟು ಮಾತಿನ ಬಗ್ಗೆ ಕೇಳುತ್ತಿದ್ದೇನೆ. ನೀವು ಯಾವ ಪಕ್ಷದವರಾದರೂ ಇರಿ. ಸದಸ್ಯತ್ವದ ರಸೀದಿ ಕೈಗೆ ಬಂದ ದಿನ ನಿಮ್ಮ ಅಭಿಪ್ರಾಯವನ್ನು ಯಾವ ಪೂಲಿಗೆ ಸುರಿದು ಬಂದಿರಿ?

ನಮ್ಮ ಕಣ್ಣೆದುರು ನಡೆದದ್ದರಿಂದಲೇ ಶುರು ಮಾಡುತ್ತೇನೆ. 2019ರ ಆಗಸ್ಟಿನ ಮಳೆಯಲ್ಲಿ ಮಲೆಮನೆ, ಮಧುಗುಂಡಿಯ ಗುಡ್ಡ ಕುಸಿದು ತೋಟ ಮನೆ ಎಲ್ಲ ಕೊಚ್ಚಿಹೋದದ್ದು ಇಲ್ಲಿ ಯಾರಿಗೂ ಮರೆತಿಲ್ಲ. 2021ರಲ್ಲಿ ಅತಿವೃಷ್ಟಿ ಪೀಡಿತ ತಾಲ್ಲೂಕುಗಳ ಪಟ್ಟಿ ಬಂದಾಗ ಮೂಡಿಗೆರೆಯ ಹೆಸರೇ ಇರಲಿಲ್ಲ. ಆಗ ಬಿಜೆಪಿ ಶಾಸಕರಾಗಿದ್ದ ಎಂ.ಪಿ. ಕುಮಾರಸ್ವಾಮಿ ತಮ್ಮದೇ ಪಕ್ಷದ ಸರ್ಕಾರದ ವಿರುದ್ಧ ವಿಧಾನಸೌಧದ ಗಾಂಧಿ ಪ್ರತಿಮೆಯ ಮುಂದೆ ಫಲಕ ಹಿಡಿದು ಕೂತರು. ಅವರ ರಾಜಕಾರಣವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಮುಂದಿನ ವರ್ಷ ಆನೆ ದಾಳಿಗೆ ಹೆಣ್ಣುಮಗಳೊಬ್ಬಳು ಬಲಿಯಾದಾಗ ಕುಂದೂರಿನ ಜನ ಇದೇ ಶಾಸಕರ ಅಂಗಿ ಹರಿದಿದ್ದರು. ಆದರೂ ಆ ಒಂದು ದಿನ ಅವರು ಮಾಡಿದ್ದು ಶಾಸಕ ಮಾಡಬೇಕಾದ ಕೆಲಸವನ್ನೇ. ತನ್ನ ತಾಲ್ಲೂಕಿನ ಪರವಾಗಿ ತನ್ನ ಸರ್ಕಾರವನ್ನು ಕೇಳಿದರು. ಅಂದು ಆಡಳಿತ ಪಕ್ಷದ ಎಷ್ಟು ಶಾಸಕರು ಅವರ ಪಕ್ಕ ಹೋಗಿ ಕೂತರು?

2023ರ ಮಾರ್ಚಿನಲ್ಲಿ ಯಡಿಯೂರಪ್ಪನವರು ಮೂಡಿಗೆರೆಗೆ ಬಂದಾಗ, ಕುಮಾರಸ್ವಾಮಿಗೆ ಟಿಕೆಟ್ ಕೊಡಬೇಡಿ ಎಂದು ಬಿಜೆಪಿಯ ಕಾರ್ಯಕರ್ತರೇ ದಾರಿಗೆ ಅಡ್ಡ ನಿಂತರು. ರೋಡ್ ಶೋ ರದ್ದಾಯಿತು. ಏಪ್ರಿಲ್‌ನಲ್ಲಿ ಟಿಕೆಟ್ ತಪ್ಪಿತು, ಅವರು ಜೆಡಿಎಸ್ ಸೇರಿ ನಿಂತು ಸುಮಾರು 26,000 ಮತ ಪಡೆದರು. ಕಾಂಗ್ರೆಸ್ಸಿನ ನಯನಾ ಮೋಟಮ್ಮ ಬಿಜೆಪಿಯ ದೀಪಕ್ ದೊಡ್ಡಯ್ಯನವರ ಎದುರು 722 ಮತಗಳಿಂದ ಗೆದ್ದರು. ಪಕ್ಕದ ಚಿಕ್ಕಮಗಳೂರಿನಲ್ಲಿ ಬಿಜೆಪಿ ತೊರೆದು ಕಾಂಗ್ರೆಸ್ ಸೇರಿದ ಎಚ್.ಡಿ. ತಮ್ಮಯ್ಯ, ಸಿ.ಟಿ. ರವಿಯವರನ್ನು 5,926 ಮತಗಳಿಂದ ಸೋಲಿಸಿದರು.

ಇದನ್ನು ಯಾರ ಸೋಲು, ಯಾರ ಗೆಲುವು ಎಂದು ಮಾತ್ರ ಓದಬೇಡಿ. ಮೂಡಿಗೆರೆಯ ಕಾರ್ಯಕರ್ತರಿಗೆ ಶಾಸಕ ಬೇಡವಾಗಿದ್ದರು, ಸರಿ. ಅದನ್ನು ಹೇಳಲು ಅವರು ಬೀದಿಗೆ ಯಾಕೆ ಬರಬೇಕಾಯಿತು? ಸದಸ್ಯರು ಒಂದು ಕೋಣೆಯಲ್ಲಿ ಕೂತು, ಗುಟ್ಟಾಗಿ ಚೀಟಿ ಹಾಕಿ, ನಮ್ಮ ಅಭ್ಯರ್ಥಿ ಇವರು ಎಂದು ಆರಿಸುವ ಪದ್ಧತಿಯೇ ಇಲ್ಲ. ನಮ್ಮ ಯಾವ ದೊಡ್ಡ ಪಕ್ಷದಲ್ಲೂ ಇಲ್ಲ. ಬಿ ಫಾರಂ ಮೇಲಿನಿಂದ ಇಳಿಯುತ್ತದೆ. ಕೆಳಗಿರುವವನಿಗೆ ಉಳಿಯುವುದು ಕಾಲಿಗೆ ಬೀಳುವುದು, ಕಾರಿಗೆ ಅಡ್ಡ ನಿಲ್ಲುವುದು, ಇಲ್ಲವೇ ಎದುರು ಮನೆಯ ಬಾಗಿಲು ತಟ್ಟುವುದು. 2024ರ ಲೋಕಸಭಾ ಚುನಾವಣೆಗೆ ಮುನ್ನ ಸಂಸದೆ ಶೋಭಾ ಕರಂದ್ಲಾಜೆಯವರಿಗೆ ಮತ್ತೆ ಟಿಕೆಟ್ ಬೇಡವೆಂದು ‘ಗೋ ಬ್ಯಾಕ್ ಶೋಭಾ’ ಎಂದು ಕೂಗಿದ ಬಿಜೆಪಿ ಕಾರ್ಯಕರ್ತರದೂ ಇದೇ ಪಾಡು.

ಚಿಕ್ಕಮಗಳೂರಿಗೆ ಈ ಕತೆ ಹೊಸದಲ್ಲ. 1978ರಲ್ಲಿ ಡಿ.ಬಿ. ಚಂದ್ರೇಗೌಡರು ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯವರು ಅವರು. ಹಿಂದಿನ ವರ್ಷ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿ ಇಲ್ಲಿಗೆ ಬಂದು, ನವೆಂಬರಿನ ಉಪಚುನಾವಣೆಯಲ್ಲಿ ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 77,000ಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆ ಗೆಲುವಿನ ಹಿಂದೆ ಮುಖ್ಯಮಂತ್ರಿ ದೇವರಾಜ ಅರಸು ಇದ್ದರು. ಎಂಟು ತಿಂಗಳೂ ತುಂಬಲಿಲ್ಲ. ನಾಯಕಿಯ ಮಾತಿಗೆ ಎದುರು ನಿಂತರೆಂದು 1979ರ ಜೂನಿನಲ್ಲಿ ಅದೇ ಅರಸು ಅವರನ್ನು ಇಂದಿರಾ ಅವರ ಪಕ್ಷ ಹೊರಹಾಕಿತು. ಕಷ್ಟಕಾಲದಲ್ಲಿ ಆಸರೆ ಕೊಟ್ಟವನ ಒಂದು ‘ಇಲ್ಲ’ವನ್ನು ಸಹಿಸುವಷ್ಟು ಜಾಗ ಅಲ್ಲಿರಲಿಲ್ಲ. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು 1983ರಲ್ಲಿ ಜನತಾ ಸರ್ಕಾರದ ಕಾಲಕ್ಕೆ ವಿಧಾನಸಭೆಯ ಸ್ಪೀಕರ್ ಆಗಿದ್ದರು.

ಹೊಸ ಉದಾಹರಣೆ ಬೇಕೇ? 2023ರ ಅಕ್ಟೋಬರಿನಲ್ಲಿ ಬಿಜೆಪಿ ಜೊತೆಗಿನ ಮೈತ್ರಿ ಬೇಡ ಎಂದ ಸಿ.ಎಂ. ಇಬ್ರಾಹಿಂ ಜೆಡಿಎಸ್ ರಾಜ್ಯಾಧ್ಯಕ್ಷ ಸ್ಥಾನ ಕಳೆದುಕೊಂಡರು. 2025ರ ಮಾರ್ಚಿನಲ್ಲಿ ಬಸನಗೌಡ ಪಾಟೀಲ ಯತ್ನಾಳರನ್ನು ಬಿಜೆಪಿ 6 ವರ್ಷ ಹೊರಗಿಟ್ಟಿತು. ಅದೇ ಆಗಸ್ಟಿನಲ್ಲಿ ಮತದಾರರ ಪಟ್ಟಿಯ ಬಗ್ಗೆ ಪಕ್ಷದ ಧಾಟಿಗೆ ಹೊರತಾದ ಮಾತಾಡಿದ ಕೆ.ಎನ್. ರಾಜಣ್ಣ ಕಾಂಗ್ರೆಸ್ ಸರ್ಕಾರದ ಮಂತ್ರಿ ಸ್ಥಾನ ಕಳೆದುಕೊಂಡರು. ಯತ್ನಾಳರ ಬಹುಪಾಲು ಮಾತುಗಳು ನನಗೆ ಒಪ್ಪಿಗೆಯಿಲ್ಲ, ಕೆಲವು ನೋವನ್ನೂ ತಂದಿವೆ. ಆದರೆ ನನಗೆ ಇಷ್ಟವಾದವನ ಬಾಯಿ ಮುಚ್ಚಿಸಿದಾಗ ಮಾತ್ರ ಕೂಗುವುದಾದರೆ ನಾನು ಸ್ವಾತಂತ್ರ್ಯದ ಮಾತನ್ನೇ ಆಡಬಾರದು.

ನಾನು ವ್ಯಕ್ತಿಯ ಸ್ವಾತಂತ್ರ್ಯವನ್ನು ಎಲ್ಲಕ್ಕಿಂತ ಮೇಲಿಡುವವನು. ಆದ್ದರಿಂದ ನನಗೇ ಹಾಕಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಪಕ್ಷವೆಂದರೆ ಜನ ತಮ್ಮ ಇಷ್ಟದಿಂದ ಕಟ್ಟಿಕೊಂಡ ಸಂಘ. ಯಾರನ್ನು ಒಳಗಿಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎನ್ನುವುದು ಸಂಘದ ಸ್ವಾತಂತ್ರ್ಯವೇ ತಾನೇ? ಇಷ್ಟವಿಲ್ಲದವನು ಎದ್ದು ಹೋಗಲಿ ಎಂದರೆ ತಪ್ಪೇನು?

1985ರವರೆಗೆ ಈ ವಾದಕ್ಕೆ ಬೆಲೆಯಿತ್ತು. ಆ ವರ್ಷ ಸಂವಿಧಾನದ 52ನೇ ತಿದ್ದುಪಡಿ ಬಂತು, ಹತ್ತನೇ ಅನುಸೂಚಿ ಸೇರಿತು. ಅಂದಿನಿಂದ ಪಕ್ಷದ ವಿಪ್ ಮೀರಿ ಮತ ಹಾಕಿದ ಶಾಸಕ ತನ್ನ ಸ್ಥಾನ ಕಳೆದುಕೊಳ್ಳಬಹುದು. ಜನ ಕೊಟ್ಟ ಸ್ಥಾನದ ಬೀಗದ ಕೈಯನ್ನು ಕಾನೂನು ಪಕ್ಷಕ್ಕೆ ಒಪ್ಪಿಸಿತು. 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇನ್ನೂ ವಿಚಿತ್ರ: ಪಕ್ಷ ಹೊರಹಾಕಿದರೂ ಕಾನೂನಿನ ಕಣ್ಣಿಗೆ ಆ ಶಾಸಕ ಅದೇ ಪಕ್ಷದವನು, ಬೇರೆ ಪಕ್ಷ ಸೇರಿದರೆ ಅನರ್ಹ. ಮನೆಯಿಂದ ಆಚೆ ದಬ್ಬಬಹುದು, ಹಗ್ಗ ಮಾತ್ರ ಬಿಚ್ಚುವುದಿಲ್ಲ. ರಾಜ್ಯದ ಬಲವನ್ನು ಹೀಗೆ ಕೈಯಲ್ಲಿ ಹಿಡಿದ ಸಂಸ್ಥೆ, ನಮ್ಮದು ಖಾಸಗಿ ಕೂಟ, ಒಳಗಿನ ವಿಷಯ ಕೇಳಬೇಡಿ ಎನ್ನುವಂತಿಲ್ಲ. ಪೂಲಿಗೆ ಕಾನೂನಿನ ಬಲ ಇದ್ದದ್ದರಿಂದಲೇ ಅಲ್ಲವೇ ನಾವು ಅದನ್ನು ಪ್ರಶ್ನಿಸಿದ್ದು?

ಹಾಗೆಂದು ಆ ಕಾನೂನು ಪಕ್ಷಾಂತರವನ್ನು ತಡೆಯಿತೇ? 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರು, ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದೂ ಮತ್ತೆ ಸ್ಪರ್ಧಿಸಲು ಬಿಟ್ಟಿತು. ಮೂರನೇ ಎರಡು ಭಾಗದ ಶಾಸಕರು ಒಟ್ಟಾಗಿ ಇನ್ನೊಂದು ಪಕ್ಷದೊಂದಿಗೆ ವಿಲೀನವಾದರೆ ಕಾನೂನು ಸುಮ್ಮನಿರುತ್ತದೆ. ಸಗಟು ವ್ಯಾಪಾರಕ್ಕೆ ಅಡ್ಡಿಯಿಲ್ಲ. ಒಬ್ಬಂಟಿಯಾಗಿ, ಪಕ್ಷದಲ್ಲೇ ಉಳಿದು, ಒಂದು ಮಸೂದೆಗೆ ‘ಬೇಡ’ ಎಂದವನಿಗೆ ಶಿಕ್ಷೆ. ವಿಪ್ ಮೀರಿದ್ದಕ್ಕೆ ಅನರ್ಹತೆ ವಿಶ್ವಾಸ, ಅವಿಶ್ವಾಸ ಮತಗಳಿಗಷ್ಟೇ ಸೀಮಿತವಾಗಿರಲಿ ಎಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಆ ಮಾತನ್ನು ಯಾವ ಪಕ್ಷದ ಸರ್ಕಾರವೂ ಎತ್ತಿಕೊಳ್ಳಲಿಲ್ಲ.

ಬೇರೆ ದಾರಿ ಇರಲೇ ಇಲ್ಲ ಎನ್ನಬೇಡಿ. 1959ರಲ್ಲಿ ರಾಜಾಜಿಯವರು ಎಂಬತ್ತರ ವಯಸ್ಸಿನಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು. ಅದರ 21 ತತ್ತ್ವಗಳ ಕೊನೆಯದು, ಉಳಿದ ತತ್ತ್ವಗಳ ವ್ಯಾಪ್ತಿಗೆ ಬಾರದ ಎಲ್ಲ ವಿಷಯಗಳಲ್ಲೂ ಸದಸ್ಯನಿಗೆ ತನ್ನ ಅಭಿಪ್ರಾಯದ ಪೂರ್ಣ ಸ್ವಾತಂತ್ರ್ಯ ಕೊಟ್ಟಿತ್ತು. 1967ರಲ್ಲಿ ಲೋಕಸಭೆಯಲ್ಲಿ 44 ಸ್ಥಾನ ಗೆದ್ದು ಅತಿ ದೊಡ್ಡ ವಿರೋಧ ಪಕ್ಷವಾಯಿತು, ನಮ್ಮ ಮೈಸೂರು ರಾಜ್ಯದ ವಿಧಾನಸಭೆಯಲ್ಲಿ 16 ಸ್ಥಾನ ಪಡೆಯಿತು. ಅದು ಉಳ್ಳವರ ಪಕ್ಷ ಎಂಬ ಆರೋಪದಲ್ಲಿ ಹುರುಳಿತ್ತು. ಲೈನ್ ಮನೆಯ ಕೂಲಿಯವನಿಗೆ ಅದರಲ್ಲಿ ಜಾಗವಿರಲಿಲ್ಲ. ಅದರ ಆರ್ಥಿಕ ವಿಚಾರವನ್ನು ಒಪ್ಪದವರೂ ಆ ಕೊನೆಯ ತತ್ತ್ವವನ್ನು ತಮ್ಮ ಪಕ್ಷದ ನಿಯಮಾವಳಿಗೆ ಬರೆದುಕೊಳ್ಳಲು ಏನು ಅಡ್ಡಿ?

ಶಿಸ್ತು ಬೇಡವೇ ಎನ್ನುತ್ತೀರಿ. ಬೇಕು. ಚರ್ಚೆಯಾಗಿ, ಮತಕ್ಕೆ ಹಾಕಿ, ಬಹುಮತ ತೀರ್ಮಾನಿಸಲಿ. ಸೋತವನು ಕೆಲಸಕ್ಕೆ ಅಡ್ಡಗಾಲು ಹಾಕಬಾರದು. ಆದರೆ ನಾನು ಒಪ್ಪಲಿಲ್ಲ ಎಂದು ಹೊರಗೆ ಬಂದು ಹೇಳುವ ಹಕ್ಕು ಅವನದು. ಚರ್ಚೆಯೂ ಇಲ್ಲದೆ, ಮತವೂ ಇಲ್ಲದೆ, ಕೊನೆಗೆ ನೋಟಿಸ್ ಮಾತ್ರ ಬಂದರೆ ಅದನ್ನು ಶಿಸ್ತು ಎನ್ನುವುದಿಲ್ಲ. ನಮ್ಮೂರಿನ ಕಾರ್ಯಕರ್ತನೊಬ್ಬನನ್ನು ನಾನು ಬಲ್ಲೆ. ಆನೆ ತುಳಿದ ತೋಟದ ಪರಿಹಾರ ಯಾಕೆ ಬರಲಿಲ್ಲ ಎಂದು ತನ್ನ ಪಕ್ಷದ ಸಭೆಯಲ್ಲೇ ಕೇಳಿದ. ಉತ್ತರ ಸಿಗಲಿಲ್ಲ. ಮುಂದಿನ ಸಭೆಗೆ ಅವನಿಗೆ ಕರೆಯೂ ಬರಲಿಲ್ಲ. ಇಪ್ಪತ್ತು ವರ್ಷ ಬಾವುಟ ಕಟ್ಟಿದವನು ಈಗ ಚುನಾವಣೆ ದಿನ ತೋಟ ಬಿಟ್ಟು ಹೊರಗೆ ಬರುವುದಿಲ್ಲ. ಅವನ ಮೌನ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿದೆ. ಆ ಚುನಾವಣೆ ಬಂದಾಗ ಕಳಸದ, ಮೂಡಿಗೆರೆಯ, ಕೊಪ್ಪದ, ಎನ್.ಆರ್. ಪುರದ ಎಲ್ಲ ಪಕ್ಷಗಳ ಸದಸ್ಯರಲ್ಲಿ ನನ್ನ ವಿನಂತಿ: ಬಿ ಫಾರಂಗಾಗಿ ಬೆಂಗಳೂರಿಗೆ ಬಸ್ಸು ಹತ್ತಬೇಡಿ. ನಿಮ್ಮ ಹೋಬಳಿಯಲ್ಲಿ ಸಭೆ ಕರೆಯಿರಿ, ಗುಪ್ತ ಮತದಾನದಿಂದ ನಿಮ್ಮ ಅಭ್ಯರ್ಥಿಯನ್ನು ನೀವೇ ಆರಿಸಿ, ಆ ಹೆಸರನ್ನು ಮೇಲಕ್ಕೆ ಕಳಿಸಿ. ಮತದಾರರೇ, ಮನೆಗೆ ಬಂದ ಅಭ್ಯರ್ಥಿಯನ್ನು ಒಂದು ಮಾತು ಕೇಳಿ: ನಿಮ್ಮ ಪಕ್ಷದ ಮುಂದೆ ನೀವು ‘ಇಲ್ಲ’ ಎಂದದ್ದು ಯಾವಾಗ, ಯಾವ ವಿಷಯಕ್ಕೆ? ಇನ್ನು, ಒಬ್ಬನನ್ನು ಹೊರಹಾಕುವ ಠರಾವಿಗೆ ಎಲ್ಲರೂ ಕೈ ಎತ್ತಿ ಎಂದು ನಿಮಗೆ ಹೇಳುವ ದಿನ ಬಂದೇ ಬರುತ್ತದೆ. ದಯವಿಟ್ಟು ಅಂದು ಕೈ ಎತ್ತಬೇಡಿ. ಎದ್ದು ನಿಂತು, ಅವನು ಹೇಳಿದ್ದೇನೆಂದು ಮೊದಲು ಅವನ ಬಾಯಿಂದಲೇ ಕೇಳೋಣ ಎನ್ನಿ.